ಪಿಟೀಲಿನ ರಕ್ತ ಹೇಳಿದ್ದು

"ದಡಾರ ಗೊತ್ತು. ರುಬೆಲ್ಲಾ ಗೊತ್ತು. ಗಂಟಲುಮಾರಿ ಗೊತ್ತಿಲ್ಲ, ಧನುರ್ವಾಯು ಗೊತ್ತಿಲ್ಲ." ಅಕ್ಕ ಕನ್ನಡಕವನ್ನು ಹಣೆಗೇರಿಸಿದಳು. "ನಿನ್ನ ಸಾಕ್ಷಿ ಹೇಳಿದ್ದು ಇಷ್ಟೇ ಕಣೋ."

ಸಾಕ್ಷಿ ಎಂದರೆ ಅವಳ ಬೆರಳುಗಳ ನಡುವೆ ಇದ್ದ ಗಾಜಿನ ಕೊಳವೆ, ಅದರ ತಳದಲ್ಲಿದ್ದ ಒಂದಿಷ್ಟು ಹಳದಿ ದ್ರವ. ಆಸ್ಪತ್ರೆಗೆ ಸೇರಿಸಿದ ದಿನ ತೆಗೆದ ಪಿಟೀಲಿನ ರಕ್ತದಲ್ಲಿ ಕೆಂಪೆಲ್ಲ ಕೆಳಗಿಳಿದ ಮೇಲೆ ಉಳಿದ ತಿಳಿ ಅದು.

ಆರು ವರ್ಷದ ಹುಡುಗಿ ಪಿಟೀಲು ಗಂಟಲುಮಾರಿಯಿಂದ ಸತ್ತು ವಾರ ಕಳೆದಿತ್ತು. ಲಸಿಕೆಯನ್ನು ಹೊರಗೆ ಮಾರಿಕೊಂಡು ಮಕ್ಕಳಿಗೆ ನೀರು ಚುಚ್ಚಿದಳೆಂದು ಊರೆಲ್ಲ ಶಪಿಸುತ್ತಿದ್ದ, ಬೀದಿಯ ಚಿಕಿತ್ಸಾಲಯದ ನರ್ಸ್ ಸಿಸ್ಟರಮ್ಮ ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ತುಟಿ ಹೊಲಿದುಕೊಂಡು ಕೂತಿದ್ದಳು.

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡ. ಇಲಾಖೆಯಲ್ಲಿ ಅವನಿಗೆ 'ಆಮೆ' ಎಂದು ಹೆಸರು. ಮೇಲಿನವರು ಬೈಯುವುದಕ್ಕೆಂದು ಇಟ್ಟದ್ದು, ಆಮೇಲೆ ಎಲ್ಲರ ನಾಲಿಗೆಯ ಮೇಲೂ ನಿಂತುಬಿಟ್ಟಿತು. ಅವನಿಗೇನೂ ಬೇಸರವಿರಲಿಲ್ಲ. ಓಡಿದವರು ಮುಗ್ಗರಿಸಿದ್ದನ್ನು ಅವನು ಬೇಕಾದಷ್ಟು ಕಂಡಿದ್ದ. ಅವನನ್ನು ಸಾಹೇಬ ಎಂದೂ ಆಮೆ ಎಂದೂ ಕರೆಯದೆ ಬರೀ 'ಲೋ' ಎನ್ನುವವಳು ಒಬ್ಬಳೇ, ದೊಡ್ಡಾಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಡಾಕ್ಟರಾಗಿದ್ದ ಈ ಒಡಹುಟ್ಟಿದ ಅಕ್ಕ.

"ಗೊತ್ತು ಅಂದ್ರೆ? ರಕ್ತಕ್ಕೆ ಏನು ಗೊತ್ತಿರತ್ತೆ?"

"ನಿನಗಿಂತ ಜಾಸ್ತಿ ಗೊತ್ತಿರತ್ತೆ. ಕೇಳಿಸ್ಕೋ." ಅಕ್ಕ ಕೊಳವೆಯನ್ನು ಮರದ ಸ್ಟ್ಯಾಂಡಿನಲ್ಲಿ ಹುಷಾರಾಗಿ ಇಳಿಸಿದಳು. "ನಮ್ಮೆಲ್ಲರ ಮೈಯಲ್ಲೂ ಕೋಟಿಗಟ್ಟಲೆ ಕಾವಲು ಕಣ ಇರ್ತವೆ. ಒಂದೊಂದಕ್ಕೆ ಒಂದೊಂದೇ ಮುಖ ಗುರುತು. ಗಂಟಲುಮಾರಿ ಹಿಡಿಯೋದು ಬೇರೆ, ದಡಾರ ಹಿಡಿಯೋದು ಬೇರೆ. ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ."

"ನಿಮ್ಮ ಆಸ್ಪತ್ರೆ ಹಾಗೆ. ಕಿವಿ ಡಾಕ್ಟ್ರು ಕಣ್ಣು ನೋಡಲ್ಲ."

"ಹಾಗೇ ಅಂದ್ಕೋ. ವೈರಿ ಮೊದಲ ಸಲ ಒಳಗೆ ಬಂದಾಗ, ಅವನ ಗುರುತಿರೋ ಆ ಒಂದೆರಡು ಕಣ ಎದ್ದು, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಪಡೆ ಕಟ್ಟಬೇಕು. ಆ ಪಡೆ ಪ್ರತಿಕಾಯ ಅನ್ನೋ ಆಯುಧ ತಯಾರು ಮಾಡಿ ರಕ್ತಕ್ಕೆ ಬಿಡಬೇಕು. ವಾರ ಹತ್ತು ದಿನ ಹಿಡಿಯತ್ತೆ. ಕೆಲಸ ಮುಗಿದ ಮೇಲೆ ಪಡೆ ಹೆಚ್ಚುಕಮ್ಮಿ ಎಲ್ಲಾ ಸಾಯತ್ತೆ. ಕೆಲವು ಮಾತ್ರ ಆ ಮುಖ ನೆನಪಿಟ್ಕೊಂಡು ವರ್ಷಗಟ್ಟಲೆ ಕಾಯ್ತಾ ಇರ್ತವೆ. ಅದೇ ವೈರಿ ಮತ್ತೆ ಬಂದ್ರೆ ಬಾಗಿಲಲ್ಲೇ ಕುತ್ತಿಗೆ ಹಿಡೀತವೆ."

"ಲಸಿಕೆ?"

"ಹಲ್ಲು ಕಿತ್ತ ಹಾವು. ನೋಡ್ಕೋ, ಇದು ಹಾವು, ಮುಖ ನೆನಪಿಟ್ಕೋ ಅಂತ ಮೈಗೆ ಮೊದಲೇ ತೋರಿಸಿಡೋದು. ಪಿಟೀಲಿನ ಮೈಗೆ ದಡಾರದ ಮುಖ ಚೆನ್ನಾಗಿ ನೆನಪಿದೆ. ಗಂಟಲುಮಾರಿಯನ್ನ ಅದು ಕಂಡೇ ಇಲ್ಲ."

"ಹಾಗಾದ್ರೆ ಗಂಟಲುಮಾರಿಯ ಗುರುತಿರೋ ಕಣ ಅವಳಿಗೆ ಇರ್ಲೇ ಇಲ್ವಾ?"

ಹೆಣಗಳ ವಿಷಯವನ್ನು ಚಹಾ ಕುಡಿಯುತ್ತಾ ಮಾತಾಡುವ ಹೆಂಗಸು ಅಕ್ಕ. ಈಗ ಕನ್ನಡಕ ತೆಗೆದು ಸೆರಗಿಲ್ಲದ ಬಿಳಿ ಕೋಟಿನ ತುದಿಯಿಂದ ಒರೆಸಿದಳು.

"ಇತ್ತು. ಎಲ್ಲಾ ಮಕ್ಕಳಿಗೂ ಇರತ್ತೆ. ಕೊನೇ ದಿನ ತೆಗೆದ ರಕ್ತಾನೂ ನೋಡಿದೆ. ಅವಳಿಗೆ ಕೊಟ್ಟ ಮದ್ದು ಕುದುರೆ ರಕ್ತದಿಂದ ಮಾಡಿದ್ದು, ಅದನ್ನ ಬಿಟ್ಟು ಅವಳ ಸ್ವಂತ ಪ್ರತಿಕಾಯ ಏನಾದ್ರೂ ಇದೆಯಾ ಅಂತ ಹುಡುಕಿದೆ. ಒಂಚೂರು ಇತ್ತು. ಆ ಕಣಗಳು ಹೊರಟಿದ್ವು ಕಣೋ. ಪಾಪ, ಹೊರಟಿದ್ವು. ಅಷ್ಟರಲ್ಲಿ ವಿಷ ಹೃದಯ ಮುಟ್ಟಿಬಿಟ್ಟಿತ್ತು."

ಪಿಟೀಲು ಬದುಕಿದ್ದಾಗ ಇನ್ಸ್‌ಪೆಕ್ಟರ್ ಅವಳನ್ನು ನೋಡಿದವನಲ್ಲ. ಚಿಕಿತ್ಸಾಲಯದ ಗೇಟಿನಿಂದಲೇ ಕೇಳುವಷ್ಟು ತೆಳ್ಳಗಿನ ಎತ್ತರದ ದನಿ ಇತ್ತಂತೆ, ಅದಕ್ಕೇ ಆ ಹೆಸರಂತೆ. ಬೇನೆ ಬಂದು ಮೊದಲು ಕಟ್ಟಿದ್ದು ಆ ದನಿಯನ್ನೇ.

ಅವಳ ಅಮ್ಮ ಅದೇ ಚಿಕಿತ್ಸಾಲಯದ ಆಯಾ. ಬಾಗಿಲು ತೆಗೆಯುವವಳು, ಗುಡಿಸುವವಳು, ಸಂಜೆ ಬೀಗ ಹಾಕುವವಳು. ಮಗಳನ್ನು ಮಣ್ಣು ಮಾಡಿದ ಮರುದಿನ ಠಾಣೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ಹೇಳಿದ್ದಳು: "ಯಾರು ಅಂತ ಗೊತ್ತಾದ್ರೆ ಮೊದಲು ನನಗೆ ಹೇಳಿ ಸಾರ್. ಬೀದಿಯವರ ಬಾಯಿಂದ ಕೇಳೋಕೆ ನನ್ ಕೈಲಾಗಲ್ಲ."

ಯಾರಿಗೂ ಮಾತು ಕೊಡದ ಆಮೆ ಅವತ್ತು ಮಾತು ಕೊಟ್ಟಿದ್ದ. ಅದು ತಪ್ಪು ಎಂದು ಅವನಿಗೆ ಆಗಲೇ ಗೊತ್ತಿತ್ತು.

"ಅಕ್ಕಾ, ಎಲ್ಲಾ ಚುಚ್ಚಿದ್ದು ಸಿಸ್ಟರಮ್ಮನೇ. ಕಳ್ಳಿ ಆಗಿದ್ರೆ ಒಂದು ಲಸಿಕೆ ಕದ್ದು ಇನ್ನೊಂದನ್ನ ಯಾಕೆ ಬಿಡ್ತಾಳೆ? ಮನೆಗೆ ನುಗ್ಗಿದ ಕಳ್ಳ ಬೆಳ್ಳಿ ಲೋಟ ತಗೊಂಡು ಬೆಳ್ಳಿ ತಟ್ಟೆ ಬಿಟ್ಟುಹೋದ ಹಾಗಾಯ್ತು."

"ಕದ್ದಿಲ್ಲ." ಅಕ್ಕ ಎದ್ದಳು. "ನಿನ್ನ ಪೇದೆಗಳು ಅಲ್ಲಿಂದ ತಂದರಲ್ಲ ಸೀಸೆಗಳು, ಇಲ್ಲಿ ಬಾ, ತೋರಿಸ್ತೀನಿ."

ಕಿಟಕಿಯ ಬಳಿ ಮೂರು ಪುಟ್ಟ ಸೀಸೆಗಳಿದ್ದವು. ಮೂರೂ ಗಂಟಲುಮಾರಿಯ ಲಸಿಕೆ, ಮೂರೂ ತೆಳು ಮಜ್ಜಿಗೆಯ ಬಣ್ಣ.

"ಮೊದಲನೆಯದು ಮುಖ್ಯ ಉಗ್ರಾಣದಿಂದ ತರಿಸಿದ್ದು, ಒಳ್ಳೇದು. ಎರಡನೆಯದನ್ನ ನಾನೇ ಬೇಕಂತ ಹಿಮಗಟ್ಟಿಸಿ ಕರಗಿಸಿದೀನಿ. ಮೂರನೆಯದು ಚಿಕಿತ್ಸಾಲಯದ್ದು. ಅಲ್ಲಾಡಿಸು."

ಅವನು ಮೂರನ್ನೂ ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿ ಬೆಳಕಿಗೆ ಇಟ್ಟ. ಮೊದಲನೆಯದು ಬೆಳ್ಳಗೆ ಒಂದೇ ಸಮ ನಿಂತಿತು. ಎರಡನೆಯದರಲ್ಲಿ ಸಣ್ಣ ಸಣ್ಣ ಚೂರುಗಳು ಕಾಣಿಸಿಕೊಂಡು, ಒಡೆದ ಹಾಲಿನಲ್ಲಿ ಆಗುವಂತೆ, ಕೆಳಗೆ ಇಳಿಯತೊಡಗಿದವು. ಸ್ವಲ್ಪ ಹೊತ್ತಿಗೆ ಮೇಲೆ ತಿಳಿನೀರು, ತಳದಲ್ಲಿ ಗಸಿ.

ಮೂರನೆಯದೂ ಹಾಗೆಯೇ ಒಡೆಯಿತು.

"ಹಿಮಗಟ್ಟಿದೆ," ಎಂದಳು ಅಕ್ಕ. "ಗಂಟಲುಮಾರಿ, ಧನುರ್ವಾಯು ಲಸಿಕೆ ಒಂದು ಸಲ ಗಟ್ಟಿಯಾಯ್ತೋ, ಆಮೇಲೆ ಚುಚ್ಚಿದ್ರೂ ಒಂದೇ, ಬಿಟ್ರೂ ಒಂದೇ. ಮೈಗೆ ಅದು ಹಾವು ಅಂತಲೇ ಗೊತ್ತಾಗಲ್ಲ. ದಡಾರದ್ದು ಒಣ ಪುಡಿ, ಅದಕ್ಕೆ ಚಳಿ ತಾಗಲ್ಲ. ಲಸಿಕೆ ಬಿಸಿಗೆ ಕೆಡತ್ತೆ ಅಂತ ಎಲ್ಲರಿಗೂ ಗೊತ್ತು. ಅತಿ ತಂಪಿಗೂ ಕೆಡತ್ತೆ ಅಂತ ಹೇಳಿಕೊಟ್ಟವರಿಗಷ್ಟೇ ಗೊತ್ತು."

"ಥರ್ಮಾಮೀಟರ್ ಲೆಕ್ಕ ಸರಿಯಾಗಿದೆಯಲ್ಲ. ಬೆಳಿಗ್ಗೆ ಸಿಸ್ಟರಮ್ಮ ಬಂದಾಗ ಸರಿ, ಸಂಜೆ ಹೋಗುವಾಗ ಸರಿ."

"ನಡುವೆ?"

ನಡುವೆ ಇದ್ದದ್ದು ರಾತ್ರಿ. ಇನ್ಸ್‌ಪೆಕ್ಟರನ ತಲೆಯೊಳಗೆ ಆಮೆ ಒಂದು ಕಾಲು ಮುಂದಿಟ್ಟಿತು.

"ಅಕ್ಕಾ, ಆ ಫ್ರಿಜ್ಜಿನ ಐಸ್ ತಟ್ಟೆಯೊಳಗೆ ಒಂದೇ ಒಂದು ಸೀಸೆ ಸಿಕ್ತು. ಕಲ್ಲಿನ ಹಾಗೆ ಗಟ್ಟಿ. ನಮ್ಮ ಪೇದೆ ಅದನ್ನ ಸಿಸ್ಟರಮ್ಮನ ಬೇಜವಾಬ್ದಾರಿ ಅಂತ ಬರೆದಿದಾನೆ."

ಅಕ್ಕ ತಮ್ಮನ ಮುಖವನ್ನೇ ನೋಡಿದಳು. "ಹೋಲಿಸಿ ನೋಡೋಕೆ ಒಂದನ್ನ ಬೇಕಂತ ಹಿಮಗಟ್ಟಿಸ್ತಾರೆ. ನಾನು ಮಾಡಿದ್ನಲ್ಲ, ಹಾಗೆ. ಅವಳೂ ಪರೀಕ್ಷೆ ಮಾಡಿದಾಳೆ ಕಣೋ. ಅವಳಿಗೆ ಎಲ್ಲಾ ಗೊತ್ತು."

*

ಠಾಣೆಯಲ್ಲಿ ಬಿಸಿಲು ಕಿಟಕಿ ದಾಟಿ ಗೋಡೆಗೆ ಹೋಗಿತ್ತು. ಸಿಸ್ಟರಮ್ಮ ಕೂತಲ್ಲಿಯೇ ಕೂತಿದ್ದಳು. ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಂಡು ಬಂದಿದ್ದಳು. ಅವಳ ಮನೆಯ ಕಿಟಕಿಗೆ ಜನ ಕಲ್ಲು ಹೊಡೆದಿದ್ದರು, ಆದರೂ ಇಸ್ತ್ರಿ ತಪ್ಪಿಸಿರಲಿಲ್ಲ. ಮೇಜಿನ ಮೇಲಿನ ಚಹಾ ಕೆನೆಗಟ್ಟಿತ್ತು.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಳ್ಳುವ ಮೊದಲೇ ಅವಳು ಬಾಯಿ ಬಿಟ್ಟಳು.

"ಬರ್ಕೊಳಿ ಸಾರ್. ನೀರು ಕೊಟ್ಟೆ."

"ಯಾರಿಗೆ?"

"ಪಿಟೀಲಿಗೆ. ಅವಳೊಬ್ಬಳಿಗೇ ಅಲ್ಲ, ಎಲ್ಲರಿಗೂ. ಈ ಆರು ವರ್ಷದಲ್ಲಿ ನನ್ನ ಹತ್ರ ಬಂದ ಅಷ್ಟೂ ಮಕ್ಕಳಿಗೂ. ಎಲ್ಲಿ ಸಹಿ ಹಾಕ್ಬೇಕು, ತೋರಿಸಿ."

ಮಾಡಿದ ತಪ್ಪನ್ನು ಕುಗ್ಗಿಸಿ ಹೇಳುವವರನ್ನು ಅವನು ದಿನಾ ನೋಡುತ್ತಿದ್ದ. ಮಾಡದ ತಪ್ಪನ್ನು ಹಿಗ್ಗಿಸಿ ಹೇಳುವವರನ್ನು ಇದೇ ಮೊದಲು ನೋಡಿದ್ದು.

"ಪಿಟೀಲಿನ ರಕ್ತದಲ್ಲಿ ದಡಾರದ ನೆನಪು ಇದೆ ಸಿಸ್ಟರಮ್ಮ."

ಅವಳು ಸಮವಸ್ತ್ರದ ಅಂಚನ್ನು ಎಳೆದು ನೇರ ಮಾಡಿಕೊಂಡಳು.

"ನೀರು ಕೊಟ್ಟಿದ್ರೆ ಆ ನೆನಪು ಎಲ್ಲಿಂದ ಬರಬೇಕು?"

"ಅದನ್ನ ಕೊಟ್ಟಿರಬಹುದು. ಬಾಕಿದು ನೀರು."

"ಐಸ್ ತಟ್ಟೆಯಲ್ಲಿ ಒಂದು ಸೀಸೆ ಇಟ್ಟಿದ್ರಿ. ಅಲ್ಲಾಡಿಸಿ ಹೋಲಿಸಿ ನೋಡೋಕೆ. ನೀರು ತುಂಬಿಟ್ಟವರು ಅಷ್ಟು ಕಷ್ಟ ಯಾಕೆ ಪಡ್ತಾರೆ?"

ಅವಳ ಕೈಗಳು ತೊಡೆಯ ಮೇಲಿದ್ದವು. ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತು.

"ಲಸಿಕೆ ನೀವು ಕೊಟ್ಟಿದೀರಿ," ಎಂದ ಇನ್ಸ್‌ಪೆಕ್ಟರ್, ಮೆಲ್ಲಗೆ. "ಆದ್ರೆ ಅದು ಅಷ್ಟರಲ್ಲೇ ಸತ್ತಿತ್ತು. ದಿನಾ ರಾತ್ರಿ ಯಾರೋ ಫ್ರಿಜ್ಜಿನ ತಂಪು ಏರಿಸ್ತಿದ್ರು. ನೀವು ಬರೋಕೆ ಮುಂಚೆ ಮತ್ತೆ ಇಳಿಸಿಡ್ತಿದ್ರು. ನಿಮಗಿಂತ ಮುಂಚೆ ಬಂದು, ನೀವು ಹೋದ ಮೇಲೆ ಬೀಗ ಹಾಕೋರು ಅಲ್ಲಿ ಎಷ್ಟು ಜನ ಇದಾರೆ?"

"ಹೇಳ್ಬೇಡಿ ಸಾರ್."

"ನಾನು ಇನ್ನೂ ಏನೂ ಹೇಳಿಲ್ಲ."

"ಹೇಳ್ಬೇಡಿ. ದಮ್ಮಯ್ಯ ಅಂತೀನಿ, ಅವಳ ಹೆಸರು ಈ ಕೋಣೇಲಿ ಬರಬಾರದು."

ವಾರದಿಂದ ಕಟ್ಟೆ ಕಟ್ಟಿಕೊಂಡಿದ್ದ ಅಳು ಒಡೆಯಿತು. ಸದ್ದು ಮಾಡದೆ ಅತ್ತಳು, ಕಣ್ಣು ಮೂಗು ಒರೆಸಿಕೊಳ್ಳುವುದನ್ನೂ ಬಿಟ್ಟು ಅತ್ತಳು. ಇನ್ಸ್‌ಪೆಕ್ಟರ್ ಪೇದೆಗೆ ಹೊರಗೆ ಹೋಗುವಂತೆ ಸನ್ನೆ ಮಾಡಿದ.

"ಪಿಟೀಲು ಹುಟ್ಟೋಕೆ ಮುಂಚೆ, ಅವಳು ಬಸುರಿ ಇದ್ದಳು ಆಗ," ಎಂದಳು ಸಿಸ್ಟರಮ್ಮ, ದನಿ ಸ್ವಲ್ಪ ಹದಕ್ಕೆ ಬಂದ ಮೇಲೆ. "ಕಡು ಬೇಸಿಗೆ. ಎರಡು ದಿನ ಕರೆಂಟೇ ಇಲ್ಲ. ಫ್ರಿಜ್ಜಿನಲ್ಲಿದ್ದ ಲಸಿಕೆ ಎಲ್ಲಾ ಬಿಸಿಯಾಗಿ ಹಾಳಾಯ್ತು, ಅಷ್ಟನ್ನೂ ಎಸೆದ್ವಿ. ಲಸಿಕೆಗೆ ಅಂತ ಬಂದ ತಾಯಂದಿರನ್ನ ನಾನೇ ಬಾಗಿಲಲ್ಲಿ ನಿಂತು ವಾಪಸ್ ಕಳಿಸಿದೆ. ಅವತ್ತು ಸಂಜೆ ಕೂತ್ಕೊಂಡು ಅತ್ತುಬಿಟ್ಟೆ. ಅವಳು ಹೊಟ್ಟೆ ಮೇಲೆ ಕೈ ಇಟ್ಕೊಂಡು ಹೇಳಿದ್ಲು, ಸಿಸ್ಟರಕ್ಕ, ಇನ್ಮೇಲೆ ರಾತ್ರಿದು ನಾನು ನೋಡ್ಕೋತೀನಿ, ನೀವು ನೆಮ್ಮದಿಯಾಗಿ ಮಲಗಿ ಅಂತ. ಹೇಗೆ ನೋಡ್ಕೋತೀಯಾ ಅಂತ ನಾನು ಕೇಳಲಿಲ್ಲ. ಬೀಗ ಭದ್ರ ಹಾಕ್ತಾಳೆ, ಬಾಗಿಲು ಸಂದಿ ನೋಡ್ತಾಳೆ ಅಂದ್ಕೊಂಡೆ."

"ಬಿಸಿಯಾಗಬಾರದು ಅಂತ ತಂಪಿನ ಗುಂಡೀನ ಕಡೇ ನಂಬರಿಗೆ ತಿರುಗಿಸ್ತಿದ್ಲು."

"ರಾತ್ರಿ ಕರೆಂಟ್ ಹೋದ್ರೂ ಬೆಳಿಗ್ಗೆವರೆಗೂ ತಂಪು ನಿಲ್ಲಲಿ ಅಂತ. ಹೊತ್ತು ಹುಟ್ಟೋಕೆ ಮುಂಚೆ ಬಂದು ಗುಂಡಿ ಮತ್ತೆ ತನ್ನ ಜಾಗಕ್ಕೆ ಇಡ್ತಿದ್ಲು. ನಾನು ಬರೋ ಹೊತ್ತಿಗೆ ಎಲ್ಲಾ ಕರಗಿ, ಥರ್ಮಾಮೀಟರ್ ನೆಟ್ಟಗೆ ಇರ್ತಿತ್ತು. ಅವಳಿಗೆ ಅದೊಂದು ದೊಡ್ಡ ಕೆಲಸ ಅಂತಾನೇ ಅನ್ನಿಸಿರಲಿಲ್ಲ ಸಾರ್, ಬಾಗಿಲು ಹಾಕಿದ ಹಾಗೆ, ದೀಪ ಆರಿಸಿದ ಹಾಗೆ."

"ನಿಮಗೆ ಯಾವಾಗ ಗೊತ್ತಾಯ್ತು?"

"ಪಿಟೀಲನ್ನ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದ ಮರುದಿನ. ಅವಳು ಬರಲಿಲ್ಲ, ನಾನೇ ಮುಂಜಾನೆ ಬಾಗಿಲು ತೆಗೆದೆ. ಗುಂಡಿ ಕಡೇಲಿತ್ತು. ಸೀಸೆ ಕೈಗೆ ತಗೊಂಡೆ, ಕಲ್ಲು." ಅವಳು ತನ್ನ ಅಂಗೈ ನೋಡಿಕೊಂಡಳು. "ಅದೇ ಹೊತ್ತಿಗೆ ಆ ಮಗು ಅಲ್ಲಿ ಉಸಿರಿಗೆ ಒದ್ದಾಡ್ತಿತ್ತು. ನಾನೇ ಚುಚ್ಚಿದ ಮಗು. ಅತ್ತು ಅತ್ತು ಆಮೇಲೆ ನನ್ನ ಕತ್ತಿಗೆ ಜೋತುಬೀಳ್ತಿದ್ದ ಮಗು."

ಇನ್ಸ್‌ಪೆಕ್ಟರ್ ಕೆನೆಗಟ್ಟಿದ ಚಹಾವನ್ನು ಪಕ್ಕಕ್ಕೆ ಸರಿಸಿದ. ಮತ್ತೆ ಮೊದಲಿನ ಜಾಗದಲ್ಲೇ ಇಟ್ಟ.

"ಆಗಲೇ ಹೇಳ್ಬಹುದಿತ್ತು."

"ದಾಸ್ತಾನು ಕೆಟ್ಟಿದೆ, ಹೊಸದು ಕಳಿಸಿ ಅಂತ ಮೇಲಿನವರಿಗೆ ಅವತ್ತೇ ಹೇಳಿದೆ. ಯಾಕೆ ಕೆಟ್ತು ಅಂತ ಹೇಳಲಿಲ್ಲ. ಸಾರ್, ನಂಗೆ ಒಂದು ಉಪಾಯ ಹೊಳೆದಿದೆ, ಸಿಟ್ಟು ಮಾಡ್ಕೋಬೇಡಿ. ಎಲ್ಲಾ ಮಕ್ಕಳಿಗೂ ನೀರು ಕೊಟ್ಟೆ ಅಂತ ನಾನು ಒಪ್ಕೋತೀನಿ. ಆಗ ಎಲ್ಲಾ ಮಕ್ಕಳಿಗೂ ಮತ್ತೆ ಲಸಿಕೆ ಹಾಕ್ತಾರೆ. ಯಾವ ಮಗೂಗೂ ತೊಂದರೆ ಆಗಲ್ಲ. ಜನ ನನ್ನನ್ನ ಬೈತಾರೆ, ಹೇಗೂ ಬೈತಿದಾರೆ."

"ಜೈಲಿಗೆ ಹೋಗ್ತೀರಿ."

"ಹೋಗ್ತೀನಿ. ಅವಳು ಬದುಕಿರ್ತಾಳೆ." ಸಿಸ್ಟರಮ್ಮ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನನ್ನ ಮೇಲಿನ ಸಿಟ್ಟಿನಿಂದ ಅವಳು ಎದ್ದು ಕೂತಿದಾಳೆ ಸಾರ್. ಆ ಸಿಟ್ಟು ತನ್ನ ಮೇಲೇ ತಿರುಗಿತೋ, ಒಂದು ರಾತ್ರಿ ಉಳಿಯಲ್ಲ ಅವಳು. ನಾನು ಅವಳನ್ನ ಬಲ್ಲೆ."

ಇನ್ಸ್‌ಪೆಕ್ಟರ್ ಕಾನೂನು ಓದಿದವನು, ಸುಳ್ಳು ಹೇಳಿಕೆಗೆ ಸಹಿ ತೆಗೆದುಕೊಳ್ಳುವುದು ಅಪರಾಧವೆಂದು ಗೊತ್ತಿದ್ದವನು. ಆದರೂ ಒಂದು ಕ್ಷಣ ಅವನ ಕೈ ಪೆನ್ನಿನ ಕಡೆ ಹೋಯಿತು. ಈ ಹೆಂಗಸು ಮಾಡಿದ ಲೆಕ್ಕದಲ್ಲಿ ಮಕ್ಕಳು ಉಳಿಯುತ್ತಿದ್ದರು, ತಾಯಿ ಉಳಿಯುತ್ತಿದ್ದಳು, ಹಾಳಾಗುವವಳು ತಾನೊಬ್ಬಳೇ.

ಆಮೆ ನಿಧಾನ, ಆದರೆ ದಾರಿಯಲ್ಲಿನ ಕಲ್ಲು ಅದಕ್ಕೆ ಕಾಣದೆ ಇರುವುದಿಲ್ಲ.

"ಸಿಸ್ಟರಮ್ಮ, ನೀವು ಒಳಗೆ ಹೋದ್ಮೇಲೆ ಆ ಫ್ರಿಜ್ಜಿನ ಹತ್ರ ಯಾರಿರ್ತಾರೆ?"

"ಅವಳಂತೂ ಇನ್ನು ಬರಲ್ಲ. ಮಗಳು ಆಡ್ಕೊಂಡಿದ್ದ ಜಾಗ ಅದು, ಅಲ್ಲಿ ಕಾಲಿಡೋಕೂ ಅವಳ ಕೈಲಾಗಲ್ಲ."

ಬಾಗಿಲ ಹೊರಗಿದ್ದ ಪೇದೆ ಕೆಮ್ಮಿದ. ಹೊರಗೆ ಹೋಗೆಂದರೆ ಬಾಗಿಲ ಸಂದಿಯಲ್ಲಿ ನಿಲ್ಲುವುದು ಅವನ ಹಳೆಯ ಚಾಳಿ.

"ಸಾರ್, ಅದು... ಆ ಆಯಮ್ಮ ಇವತ್ತು ಬೆಳಿಗ್ಗೆನೇ ಕೆಲಸಕ್ಕೆ ಬಂದಿದಾಳೆ. ಮನೇಲಿ ಕೂತ್ರೆ ಹುಚ್ಚು ಹಿಡಿಯತ್ತೆ ಅಂದ್ಲಂತೆ. ಮಧ್ಯಾಹ್ನ ಉಗ್ರಾಣದ ಗಾಡಿ ಬಂದಿತ್ತು. ಬೀದಿಯ ಮಕ್ಕಳಿಗೆಲ್ಲ ನಾಳೆಯಿಂದ ಮತ್ತೆ ಹಾಕೋಕೆ ಅಂತ ಹೊಸ ಲಸಿಕೆ. ಅವಳೇ ಇಳಿಸ್ಕೊಂಡು ಫ್ರಿಜ್ಜಿಗೆ ಇಟ್ಲು."

ಸಿಸ್ಟರಮ್ಮನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಅವಳು ಎದ್ದು ನಿಂತಳು.

"ಎಷ್ಟು ಹೊತ್ತಿಗೆ ಬೀಗ ಹಾಕ್ತಾಳೆ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ಬೀದಿ ದೀಪ ಹತ್ತೋ ಹೊತ್ತಿಗೆ."

ಇಬ್ಬರೂ ಕಿಟಕಿಯ ಕಡೆ ನೋಡಿದರು. ಬೀದಿ ದೀಪ ಹತ್ತಿತ್ತು.

ಅವತ್ತು ಆಮೆ ಓಡಿದ್ದನ್ನು ಇಡೀ ಠಾಣೆ ಕಂಡಿತು. ಯಾರೂ ನಗಲಿಲ್ಲ.

*

ಚಿಕಿತ್ಸಾಲಯದ ಅಂಗಳ ಗುಡಿಸಿ ನೀರು ಚಿಮುಕಿಸಿ ಆಗಿತ್ತು. ಒಳಗಿನ ಕೋಣೆಯಲ್ಲಿ ಒಂದೇ ದೀಪ. ಬಿಳಿ ಫ್ರಿಜ್ಜಿನ ಮುಂದೆ ಪಿಟೀಲಿನ ಅಮ್ಮ ನೆಲದ ಮೇಲೆ ಕೂತು ಒದ್ದೆ ಬಟ್ಟೆಯಿಂದ ಅದರ ಬಾಗಿಲಿನ ಅಂಚು ಒರೆಸುತ್ತಿದ್ದಳು. ವಾರದಲ್ಲಿ ಅರ್ಧ ಇಳಿದುಹೋಗಿದ್ದಳು. ಕುಪ್ಪಸದ ತೋಳು ಸಡಿಲವಾಗಿ ಜೋಲುತ್ತಿತ್ತು.

ಇನ್ಸ್‌ಪೆಕ್ಟರನ್ನು ಕಂಡು ಎದ್ದು ನಿಂತಳು. ಅವನ ಬೆನ್ನಹಿಂದೆ ಬಾಗಿಲಲ್ಲಿ ನಿಂತ ಸಿಸ್ಟರಮ್ಮನನ್ನು ಕಂಡು ಮುಖ ತಿರುಗಿಸಿದಳು.

"ಆ ಹೆಂಗಸನ್ನ ಯಾಕೆ ಕರ್ಕೊಂಡು ಬಂದ್ರಿ ಸಾರ್?"

"ಸ್ವಲ್ಪ ಮಾತಾಡೋದಿತ್ತಮ್ಮ."

"ಮಾತಾಡೋಣ. ಇದೊಂದು ಕೆಲಸ ಮುಗಿಸ್ಬಿಡ್ತೀನಿ, ಇರಿ." ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದಳು. ಸೀಸೆಗಳ ಡಬ್ಬಿಗಳು ಸಾಲಾಗಿ, ಒಂದಕ್ಕೊಂದು ತಾಗದ ಹಾಗೆ ನಿಂತಿದ್ದವು. "ನೋಡಿ, ಎಲ್ಲಾ ಹೊಸದು. ಮುದ್ರೆ ಕೂಡ ಒಡೆದಿಲ್ಲ. ನಂದು ಹೋಯ್ತು ಸಾರ್, ಹೋಗಿದ್ದು ಹೋಯ್ತು. ಬೇರೆಯವರ ಮಕ್ಕಳಿಗೆ ಹಾಗಾಗಬಾರದು. ಅದಕ್ಕೇ ಬಂದೆ ಇವತ್ತು. ಇವನ್ನ ಯಾರ ಕೈಗೂ ಕೊಡಲ್ಲ, ನಾನೇ ಕಾಯ್ತೀನಿ."

ಅವಳು ಬಾಗಿಲು ಮುಚ್ಚಿ, ಒತ್ತಿ ನೋಡಿ, ಫ್ರಿಜ್ಜಿನ ಬದಿಗೆ ಬಗ್ಗಿದಳು. ಅಲ್ಲಿದ್ದ ಕರಿಯ ಗುಂಡಿಯನ್ನು ಅವಳ ಬೆರಳುಗಳು ನೋಡದೆಯೇ ಹುಡುಕಿಕೊಂಡವು.

"ಅದನ್ನ ಮುಟ್ಬೇಡಮ್ಮ."

ಅವನ ದನಿ ಅವನಿಗೇ ಅಪರಿಚಿತವೆನ್ನಿಸಿತು. ಹಿಂದಿನಿಂದ ಸಿಸ್ಟರಮ್ಮ, "ಸಾರ್, ಬೇಡ," ಎಂದಳು, ಉಸಿರಿನಷ್ಟು ಮೆಲ್ಲಗೆ.

ಪಿಟೀಲಿನ ಅಮ್ಮ ಬಗ್ಗಿದಲ್ಲಿಂದಲೇ ತಿರುಗಿ ನೋಡಿದಳು. ಕೈ ಗುಂಡಿಯ ಮೇಲೆಯೇ ಇತ್ತು.

"ರಾತ್ರಿ ಕರೆಂಟ್ ಹೋಗತ್ತೆ ಸಾರ್. ಕಡೇ ನಂಬರಿಗೆ ಇಡದಿದ್ರೆ ಬೆಳಿಗ್ಗೆಗೆ ಬಿಸಿಯಾಗಿಬಿಡತ್ತೆ. ನನ್ನ ಮಗಳು ಹೊಟ್ಟೇಲಿದ್ದಾಗಿಂದ ಒಂದಿನಾನೂ ತಪ್ಪಿಸಿಲ್ಲ ನಾನು."

ಅವಳು ಇನ್ಸ್‌ಪೆಕ್ಟರನ ಮುಖ ನೋಡಿದಳು. ಆಮೇಲೆ ಸಿಸ್ಟರಮ್ಮನ ಕಡೆ ನೋಡಿದಳು. ವಾರದಿಂದ ಅವಳ ಎಲ್ಲ ಶಾಪವನ್ನೂ ತಲೆ ಎತ್ತಿಕೊಂಡೇ ಕೇಳಿಸಿಕೊಂಡಿದ್ದ ಸಿಸ್ಟರಮ್ಮ ಈಗ ತಲೆ ತಗ್ಗಿಸಿ ನಿಂತಿದ್ದಳು.

"ಯಾಕೆ ಸಾರ್?" ಎಂದಳು ಪಿಟೀಲಿನ ಅಮ್ಮ. "ಕಡೇಗೆ ಇಟ್ರೆ ಏನಾಗತ್ತೆ?"